ಪದಚರ್ಚೆ: ಮೂರನೇ ಹಂತದ ಕೊಳಚೆ ನೀರು ಘಟಕ, ಬೋರ್ಡಿಗೆ ಕನ್ನಡ ಬೇಕು (ಕಾಸರಗೋಡು)

> ನಮ್ಮ ಸಣ್ಣ ಕಾಲನಿಗೆ 'ಅಡ್ವಾನ್ಸ್ಡ್ ವೇಸ್ಟ್‌ವಾಟರ್ ಟ್ರೀಟ್‌ಮೆಂಟ್ ಪ್ಲಾಂಟ್' ಬಂದಿದೆ. ನೀರು ತೋಟಕ್ಕೆ ಬಿಡುತ್ತಾರೆ. ಮಲಯಾಳ ಬೋರ್ಡ್ ಆಯಿತು. ಕನ್ನಡದ್ದನ್ನು ನಾಳೆ ಪೈಂಟರ್‌ಗೆ ಕೊಡಬೇಕು. 'ಸುಧಾರಿತ ಮಲಿನಜಲ ಶುದ್ಧೀಕರಣ ಶಾಲೆ' ಸಾಕಾ?

>> ಸಂಸ್ಕೃತ ಯಾಕೆ? 'ತಿಳಿನೀರ ಮನೆ' ಅನ್ನಿ. 'ಕೊಳಚೆ' ಬೇಡ, ಅದು ಕೊಳದಿಂದ ಬಂದ ಪದ.

ಎರಡೂ ಬೇಡ.

'ಶಾಲೆ' ಮೊದಲು ತೆಗೆಯಿರಿ. ಅದು ಮಲಯಾಳದ 'ಶಾಲ'. ಕನ್ನಡದಲ್ಲಿ ಶಾಲೆಗೆ ಹೋಗುವುದು ಮಕ್ಕಳು. 'ಘಟಕ' ಹಾಕಿ.

'ಶುದ್ಧೀಕರಣ'ವೂ ಇಲ್ಲಿ ಸರಿಯಲ್ಲ. ಗಡಿಯಾಚೆ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ 'ಶುದ್ಧ ಕುಡಿಯುವ ನೀರಿನ ಘಟಕ' ಇದೆ, ಜನ ಕ್ಯಾನ್ ಹಿಡಿದು ಹೋಗುತ್ತಾರೆ. ಅದನ್ನು ಕಂಡವರು ನಿಮ್ಮ ಬೋರ್ಡ್ ಓದಿ ನಲ್ಲಿ ಹುಡುಕಿದರೆ?

'ತಿಳಿನೀರು' ಇನ್ನೂ ಅಪಾಯ. ಕೊಳಚೆ ನೀರನ್ನು ಹಂತ ಹಂತವಾಗಿ ಸಂಸ್ಕರಿಸುತ್ತಾರೆ, ನಿಮ್ಮ 'ಅಡ್ವಾನ್ಸ್ಡ್' ಎಂದರೆ ಮೂರನೇ ಹಂತ. ಎರಡನೇ ಹಂತದಲ್ಲೇ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು, ಮಡ್ಡಿ ತಳಕ್ಕಿಳಿದು, ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಮೂರನೇ ಹಂತ ಇರುವುದು ಕಣ್ಣಿಗೆ ಕಾಣದ್ದಕ್ಕೆ. ನೈಟ್ರೇಟ್, ರಂಜಕ, ರೋಗಾಣು. ಗಾಳಿ ಊದಿದಾಗ ಅಮೋನಿಯಾ ಹೋಗಿ ನೈಟ್ರೇಟ್ ಆಗುತ್ತದೆ. ಗಾಳಿ ಇಲ್ಲದ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿ ಹೊರಗೆ ಬಿಡುತ್ತವೆ. ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಜಾಸ್ತಿಯಾದರೆ ಎಳೆ ಕೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ನಮ್ಮದು ತೂತುತೂತಾದ ಮುರಕಲ್ಲಿನ ನೆಲ. ತೋಟಕ್ಕೆ ಬಿಟ್ಟದ್ದು ಬೇಗ ಕೆಳಗಿಳಿಯುತ್ತದೆ, ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಎಲ್ಲ ಪಕ್ಕದಲ್ಲೇ. ಇಂಥ ಕಡೆ 'ತಿಳಿ' ಎಂದು ಬರೆಯುವುದು ತಪ್ಪು, ಅಚ್ಚಗನ್ನಡ ಆದರೂ ತಪ್ಪು.

'ಸಂಸ್ಕರಣೆ' ಇರಲಿ. ಅಡಿಕೆ ಸಂಸ್ಕರಣೆ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಮಲಯಾಳದಲ್ಲೂ 'ಮಾಲಿನ್ಯ ಸಂಸ್ಕರಣಂ' ಎನ್ನುತ್ತಾರೆ. ಆದರೆ ಆ 'ಮಾಲಿನ್ಯ'ವನ್ನು ಎತ್ತಿಕೊಳ್ಳಬೇಡಿ. ಅಲ್ಲಿ ಅದು ಕಸ, ನಮಗೆ ವಾಯುಮಾಲಿನ್ಯದ ಮಾಲಿನ್ಯ.

'ಸುಧಾರಿತ' ಏನನ್ನೂ ಹೇಳುವುದಿಲ್ಲ. 'ಮೂರನೇ ಹಂತ' ಆಗಲೇ ಬಳಕೆಯಲ್ಲಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡೇ ಹಂತ ದಾಟಿಸಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಟ್ಟಾಗ ಅಲ್ಲಿಯವರು ಮೂರನೇ ಹಂತವೂ ಬೇಕೆಂದು ಪಟ್ಟು ಹಿಡಿದರು. ಪತ್ರಿಕೆಗಳಲ್ಲಿ ಬಂದು ಪಳಗಿದ ಮಾತು.

'ಕೊಳಚೆ' ಕೊಳದಿಂದ ಬಂತೋ ಕೊಳೆಯಿಂದ ಬಂತೋ, ಬೋರ್ಡ್ ಓದುವವರಿಗೆ ಬೇಕಿಲ್ಲ. ಈ ಮೂಲದ ಜಗಳ ಬೇರೆ ಓಲೆಯಲ್ಲಿ ಮಾಡೋಣ. ಸಂಸ್ಕೃತ ಬೇಡ ಎನ್ನುವವರು ಈ ಇಡೀ ಚರ್ಚೆಯಲ್ಲಿ 'ಬೋರ್ಡ್', 'ಪೈಂಟರ್' ಬಗ್ಗೆ ಚಕಾರ ಎತ್ತಿಲ್ಲ. ಎತ್ತುವುದೂ ಬೇಡ, ಅವೂ ನಮ್ಮವೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಒಂದೊಂದು ಕನ್ನಡ ಬೋರ್ಡಿಗೂ ಕೇಳಿ ಕೇಳಿ ಸಾಕಾಗಿದೆ. ಸಿಕ್ಕಿದ್ದನ್ನು ಊರವರು ಓದಿ ತಿಳಿಯುವಂತೆ ಬರೆಸಿ:

ಕೊಳಚೆ ನೀರು ಸಂಸ್ಕರಣಾ ಘಟಕ – ಮೂರನೇ ಹಂತ
ಈ ನೀರು ತೋಟಕ್ಕೆ ಮಾತ್ರ. ಕುಡಿಯಬೇಡಿ.

ಎರಡನೇ ಸಾಲಿನ ಅಕ್ಷರ ದೊಡ್ಡದಿರಲಿ.