ವಿದೇಶಕ್ಕೆ ಹೊರಟಿದ್ದೇನೆ, ಸಾಕಿದ ಬಾಲ್ ಪೈಥಾನ್ ಯಾರಿಗೆ, ಹೇಗೆ ಒಪ್ಪಿಸಲಿ?

ಹೊಂಗೆಮರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇರುವುದು ಬೆಂಗಳೂರು. ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾ ಮೂಲದ, ವಿಷವಿಲ್ಲದ ಹಾವು), ಆರು ವರ್ಷ, ಈ ವಾರದ ತೂಕ 1,620 ಗ್ರಾಂ, ಉದ್ದ ನಾಲ್ಕಡಿಗೆ ಸ್ವಲ್ಪ ಹೆಚ್ಚು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ, ಪ್ರಮಾಣಪತ್ರ ಇದೆ. ಇನ್ನು ಮೂರು ತಿಂಗಳಲ್ಲಿ ಕೆಲಸದ ಮೇಲೆ ಜರ್ಮನಿಗೆ ಹೊರಡಬೇಕು. ಮನೆಯಲ್ಲಿ ಉಳಿಯುವವರು ಅಪ್ಪ ಅಮ್ಮ ಮಾತ್ರ, ಫ್ರೀಜರ್‌ನ ಇಲಿ ಕರಗಿಸಿ ಕೊಡುವುದು ಅವರಿಂದ ಆಗದ ಮಾತು. ಇನ್ನೂ ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲ ಜೀವ, ಯಾರಿಗೋ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಕಾಗದಪತ್ರ ಹೇಗೆ, ತೆಗೆದುಕೊಳ್ಳುವವರಲ್ಲಿ ಏನು ನೋಡಬೇಕು, ಸಾಗಿಸುವುದು ಹೇಗೆ? ಬಲ್ಲವರು ತಿಳಿಸಿ.

ಕಡತ_ಪುಟ

ಕಾಗದದ ಕೆಲಸ ಇವತ್ತೇ ಶುರು ಮಾಡಿ, ಹಾವು ಎಲ್ಲಕ್ಕಿಂತ ಕೊನೆಗೆ ಮನೆ ಬಿಡಲಿ.

ಬಾಲ್ ಪೈಥಾನ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಹಾಗಾಗಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ 4ನೇ ಅನುಸೂಚಿ ಇದಕ್ಕೆ ಅನ್ವಯ; ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ಕ್ಕೆ. 49ಎಂ ಕಲಂ ಪ್ರಕಾರ ಇಟ್ಟುಕೊಂಡಿರುವುದನ್ನು ಮಾತ್ರವಲ್ಲ, ಬೇರೆಯವರಿಗೆ ವರ್ಗಾಯಿಸಿದ್ದನ್ನೂ ವರದಿ ಮಾಡಬೇಕು. ದುಡ್ಡು ತೆಗೆದುಕೊಳ್ಳಲಿಲ್ಲ, ಸ್ನೇಹಿತನಿಗೆ ಸುಮ್ಮನೆ ಕೊಟ್ಟೆ ಎಂದರೂ ಅದು ವರ್ಗಾವಣೆಯೇ. 2024ರ ಫೆಬ್ರವರಿ ಕೊನೆಯಲ್ಲಿ ಬಂದ ನಿಯಮದಂತೆ, ಹೊಸದಾಗಿ ಪಡೆದವರು 30 ದಿನದೊಳಗೆ ಪರಿವೇಶ್ 2.0ರಲ್ಲಿ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅರ್ಜಿ ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ನಮ್ಮಲ್ಲಿ ಅವರ ಕಚೇರಿ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಬೈಕ್ ಮಾರಿ ಆರ್‌ಸಿಯಲ್ಲಿ ಹೆಸರು ಬದಲಿಸದೆ ಬಿಟ್ಟ ಹಾಗೆ ಆಗಬಾರದು. ನಾಳೆ ಆ ಹಾವು ಎಲ್ಲೋ ಸಿಕ್ಕಿದರೆ ದಾಖಲೆಯಲ್ಲಿರುವುದು ನಿಮ್ಮ ಹೆಸರು, ನೀವಿರುವುದು ಜರ್ಮನಿಯಲ್ಲಿ.

ಎರಡು ಪ್ರತಿಯಲ್ಲಿ ಒಪ್ಪಿಗೆ ಪತ್ರ ಬರೆದುಕೊಳ್ಳಿ. ಜಾತಿಯ ಹೆಸರು ಪೈಥಾನ್ ರೆಜಿಯಸ್ ಎಂದು ಸ್ಪಷ್ಟವಾಗಿರಲಿ, ಬರೀ ‘ಹೆಬ್ಬಾವು’ ಎಂದು ಬರೆದರೆ ನಮ್ಮ ಕಾಡಿನ ಹೆಬ್ಬಾವು ಎಂದು ಓದಿಕೊಂಡಾರು; ಅದು 1ನೇ ಅನುಸೂಚಿಯ ಪ್ರಾಣಿ, ಮನೆಯಲ್ಲಿ ಸಾಕುವಂತೆಯೇ ಇಲ್ಲ. ಲಿಂಗ, ವಯಸ್ಸು, ಆ ದಿನದ ತೂಕ, ನಿಮ್ಮ ನೋಂದಣಿ ಸಂಖ್ಯೆ, ಇಬ್ಬರ ಗುರುತಿನ ಚೀಟಿ ವಿವರ, ಸಹಿ ಇರಲಿ. ಜೊತೆಗೆ ಬೆನ್ನಿನ ಮಚ್ಚೆಗಳನ್ನು ಮೇಲಿನಿಂದ ತೆಗೆದ ಫೋಟೋ, ಎಡ ಬಲ ಪಕ್ಕೆಗಳ ಫೋಟೋ. ಒಂದು ಹಾವಿನ ಮಚ್ಚೆ ಇನ್ನೊಂದರಲ್ಲಿ ಹಾಗೆಯೇ ಇರುವುದಿಲ್ಲ, ಗುರುತಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆನ್‌ಲೈನ್ ಮಾರಾಟದ ಜಾಹೀರಾತು ಬೇಡವೇ ಬೇಡ. 1,500 ಗ್ರಾಂ ದಾಟಿದ ಹೆಣ್ಣು ಎಂದರೆ ಮರಿ ಮಾಡಿಸುವವರ ಕಣ್ಣು ಮೊದಲು ಬೀಳುತ್ತದೆ. ‘ಇದುವರೆಗೆ ಮೊಟ್ಟೆ ಇಟ್ಟಿದೆಯಾ, ಮಾರ್ಫ್ (ಬಣ್ಣ, ಮಚ್ಚೆಯ ಬಗೆ) ಯಾವುದು’ ಎಂಬುದೇ ಮೊದಲ ಪ್ರಶ್ನೆಯಾದರೆ ಅಲ್ಲಿಗೇ ನಿಲ್ಲಿಸಿ. ಹುಟ್ಟುವ ಮರಿಗಳನ್ನೂ ವರದಿ ಮಾಡಬೇಕು ಎಂಬುದು ಅವರಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿ, ಉತ್ತರದಲ್ಲೇ ಮನುಷ್ಯ ಎಂಥವರು ಎಂದು ತಿಳಿಯುತ್ತದೆ.

ಪೊರೆ

ಮೇಲಿನದು ಪೂರ್ತಿ ಸರಿ. ನನ್ನದು ಸಾಕಣೆಯ ಮಾತು. ಹಾವನ್ನು ಮಾತ್ರ ಕೊಡಬೇಡಿ, ಅದರ ಮನೆಯನ್ನೂ ಕೊಡಿ. ತೊಟ್ಟಿ, ಹೀಟ್ ಮ್ಯಾಟ್ (ಬಿಸಿ ಕೊಡುವ ಹಾಸು), ಅದರ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಎರಡು ಹೈಡ್ (ಹಾವು ಅಡಗಿ ಕೂರುವ ಗೂಡು), ನೀರಿನ ಬಟ್ಟಲು ಎಲ್ಲವೂ. ಬಾಲ್ ಪೈಥಾನ್‌ಗೆ ಜಾಗ ಬದಲಾದರೇ ಊಟ ಬಿಡುವ ಸ್ವಭಾವ. ಹೈಡ್ ಹಳೆಯದೇ ಆಗಿದ್ದು ಅದರ ವಾಸನೆ ಉಳಿದಿದ್ದರೆ ಬೇಗ ಹೊಂದಿಕೊಳ್ಳುತ್ತದೆ. ಅದಕ್ಕಾಗಿ ಹೈಡ್‌ಗಳನ್ನು ಕೊಡುವ ಮುಂಚೆ ತೊಳೆಯಬೇಡಿ.

ತೊಟ್ಟಿ ಒಂದು ವಾರ ಮೊದಲೇ ಅವರ ಮನೆಗೆ ಹೋಗಿ, ಹಾವಿಲ್ಲದೆ ಖಾಲಿ ಓಡಲಿ. ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27, ತೇವಾಂಶ ಶೇ 60ರಿಂದ 70. ಬೆಳಿಗ್ಗೆ 5 ಗಂಟೆ, ಮಧ್ಯಾಹ್ನ, ರಾತ್ರಿ, ಹೀಗೆ ದಿನಕ್ಕೆ ಮೂರು ಸಲ ಮೀಟರ್ ಫೋಟೋ ಕಳಿಸಲು ಹೇಳಿ. ಬೆಂಗಳೂರಿನ ಚಳಿಗಾಲದಲ್ಲಿ ಹೊರಗೆ 15 ಡಿಗ್ರಿಗೆ ಇಳಿಯುವುದು ಮಾಮೂಲು, ಆಗ ಸಡಿಲ ಜೋಡಣೆಯೆಲ್ಲ ಬಯಲಾಗುವುದು ಆ 5 ಗಂಟೆಯ ಫೋಟೋದಲ್ಲಿ. ಏಳು ದಿನ ತಪ್ಪದೆ ಫೋಟೋ ಕಳಿಸುವವರು ಹತ್ತು ವರ್ಷವೂ ನೋಡಿಕೊಳ್ಳಬಹುದು. ಮೂರನೇ ದಿನಕ್ಕೇ ಮರೆತವರ ಬಗ್ಗೆ ನೀವೇ ಯೋಚಿಸಿ.

ಥರ್ಮೋಸ್ಟಾಟ್ ಪ್ರೋಬ್ (ಬಿಸಿ ಅಳೆಯುವ ತುದಿ) ಅನ್ನು ಮ್ಯಾಟ್‌ನ ಮೇಲೆ ನೇರವಾಗಿ ಕೂರಿಸಿ, ಟೇಪ್ ತೊಟ್ಟಿಯ ಹೊರಬದಿಗೇ ಬರುವ ಹಾಗೆ ಅಂಟಿಸಿ. ಒಳಗೆ ಟೇಪ್ ಹಾಕಿದರೆ ಹಾವಿನ ಹುರುಪೆಗೆ ಅಂಟುತ್ತದೆ, ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ. ಪ್ರೋಬ್ ಜಾರಿ ತಂಪು ಜಾಗಕ್ಕೆ ಬಿದ್ದರೆ ಥರ್ಮೋಸ್ಟಾಟ್ ಬಿಸಿ ಸಾಲದೆಂದು ಮ್ಯಾಟನ್ನು ಆರಿಸದೆ ಓಡಿಸುತ್ತದೆ. ಹಾವು ಬಿಸಿ ಸಿಕ್ಕಿತೆಂದು ಅಲ್ಲೇ ಸುರುಳಿ ಸುತ್ತಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಹೈಡ್ ಎರಡೂ ಬದಿಗೆ ಬೇಕು. ಒಂದೇ ಇದ್ದು ಅದು ತಂಪು ಬದಿಯಲ್ಲಿದ್ದರೆ ಹಾವು ಬಿಸಿ ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ, ನುಂಗಿದ ಇಲಿ ಜೀರ್ಣವಾಗದೆ ಕಕ್ಕುತ್ತದೆ.

ಕೊಡುವ ಮುಂಚೆ ಸರೀಸೃಪ ನೋಡಿ ಅಭ್ಯಾಸವಿರುವ ಪಶುವೈದ್ಯರಲ್ಲಿ ತಪಾಸಣೆ ಮಾಡಿಸಿ, ಹಿಕ್ಕೆ ಪರೀಕ್ಷೆಯೂ ಆಗಲಿ. ನುಸಿ ಇದೆಯೇ ಎಂದು ನೀವೇ ನೋಡಬಹುದು. ಬಿಳಿ ಟಿಶ್ಯೂ ಒದ್ದೆ ಮಾಡಿ ಕುತ್ತಿಗೆಯಿಂದ ಬಾಲದವರೆಗೆ ಮೆಲ್ಲಗೆ ಎಳೆಯಿರಿ. ಕಣ್ಣಿನ ಅಂಚು, ಗದ್ದದ ಕೆಳಗಿನ ಗೀರು, ನೀರಿನ ಬಟ್ಟಲಿನ ತಳ ನೋಡಿ. ಗಸಗಸೆಗಿಂತ ಚಿಕ್ಕ ಕಪ್ಪು ಚುಕ್ಕೆ ಕಂಡು, ಒತ್ತಿದಾಗ ಕೆಂಪು ಗುರುತು ಬಿದ್ದರೆ ಅದು ನುಸಿ. ಅದು ಹೋಗುವವರೆಗೆ ಕೊಡುವುದನ್ನು ಮುಂದೂಡಿ. ಉಸಿರಾಡುವಾಗ ಟಿಕ್ ಟಿಕ್ ಸದ್ದು, ಬಾಯಂಚಿನಲ್ಲಿ ಗುಳ್ಳೆ, ತಲೆ ಮೇಲೆತ್ತಿ ಬಾಯಿ ತೆರೆದು ಕೂರುವುದು ಶ್ವಾಸಕೋಶದ ಸೋಂಕಿನ ಲಕ್ಷಣ, ಆಗಲೂ ಹಾಗೆಯೇ. ಪಡೆಯುವವರ ಮನೆಯಲ್ಲಿ ಬೇರೆ ಹಾವಿದ್ದರೆ ನಿಮ್ಮದು 90 ದಿನ ಬೇರೆ ಕೋಣೆಯಲ್ಲಿರಲಿ, ಇಲಿ ಹಿಡಿದು ಕೊಡುವ ಚಿಮುಟವೂ ಬೇರೆ.

ಸಾಗಿಸುವ ದಿನಕ್ಕೆ ಕೊನೆಯ ಊಟ ಆಗಿ ಏಳು ದಿನವಾದರೂ ಕಳೆದಿರಬೇಕು. ಕಣ್ಣು ಹಾಲುಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವವರೆಗೆ ಕಾಯಿರಿ, ಆಗ ಸರಿಯಾಗಿ ಕಾಣದೆ ಹೆಚ್ಚು ಬೆದರುತ್ತದೆ. ಹೊಲಿಗೆ ಬಿಟ್ಟಿರದ ದಪ್ಪ ಹತ್ತಿಯ ದಿಂಬಿನ ಕವರ್ ಒಳಹೊರಗು ಮಾಡಿ (ನೂಲಿನ ಎಳೆ ಬಾಲಕ್ಕೆ ಸುತ್ತಿಕೊಳ್ಳದಿರಲೆಂದು), ಹಾವನ್ನು ಬಿಟ್ಟು, ಬಾಯನ್ನು ತಿರುಚಿ ಗಂಟು ಹಾಕಿ. ಗಂಟಿನೊಳಗೆ ಬಾಲ ಸಿಕ್ಕಿಲ್ಲವೆಂದು ಸವರಿ ನೋಡಿ. ಆ ಚೀಲವನ್ನು ಪಕ್ಕಗಳಲ್ಲಿ ತೂತಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿಸಿ, ಕಾರಿನ ಸೀಟಿನ ಕೆಳಗಿಡಿ. ಕಾರೊಳಗೆ 25ರಿಂದ 28 ಡಿಗ್ರಿ ಸಾಕು. ನಿಲ್ಲಿಸಿದ ಕಾರಲ್ಲಿ ಬಿಸಿಲಿಗೆ ಹತ್ತು ನಿಮಿಷವೂ ಬಿಡಬೇಡಿ. ಬಸ್ ಪಾರ್ಸೆಲ್, ಕೊರಿಯರ್ ಎಂಬ ಸಲಹೆ ಯಾರೇ ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. ನೀವೇ ಒಯ್ದು, ತೊಟ್ಟಿಗೆ ಬಿಟ್ಟು, ಬೀಗ ಹಾಕಿದ್ದು ನೋಡಿ ಬನ್ನಿ.

ಆಮೇಲೆ ಹತ್ತು ದಿನ ಮುಟ್ಟುವಂತಿಲ್ಲ, ನೀರು ಬದಲಿಸುವುದಷ್ಟೇ ಕೆಲಸ. ಹತ್ತನೇ ದಿನ ಸಂಜೆ 80 ಗ್ರಾಂ ಆಸುಪಾಸಿನ ಒಂದು ಇಲಿ. ರಾತ್ರಿಯೆಲ್ಲ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಕರಗಿಸಿ, ಜಿಪ್ ಚೀಲದಲ್ಲಿಟ್ಟು 40 ಡಿಗ್ರಿ ನೀರಲ್ಲಿ 20 ನಿಮಿಷ ಮುಳುಗಿಸಿದರೆ ತಲೆಯವರೆಗೂ ಬೆಚ್ಚಗಾಗುತ್ತದೆ. ಮೈಕ್ರೋವೇವ್‌ನಲ್ಲಿಟ್ಟರೆ ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಮುಟ್ಟದಿದ್ದರೆ ಅದನ್ನು ಬಿಸಾಡಿ ಇನ್ನು 12ರಿಂದ 14 ದಿನ ಬಿಟ್ಟು ಮತ್ತೆ ಕೊಡಲಿ. ಗಾಬರಿಯಾಗಿ ಜೀವಂತ ಇಲಿ ಬಿಡುವುದು ಅಪಾಯ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಬೆನ್ನು ಹರಿಯುತ್ತದೆ. ಎರಡು ತಿಂಗಳು ತಿನ್ನದಿದ್ದರೂ ತೂಕ ಉಳಿದಿದ್ದರೆ ಸರಿ. 1,620ರಿಂದ 1,460ಕ್ಕಿಂತ ಕೆಳಗಿಳಿದರೆ ವೈದ್ಯರಲ್ಲಿಗೆ. ನಿಮ್ಮ ಬಳಿಯ ಊಟ, ಪೊರೆ, ತೂಕದ ದಾಖಲೆಯನ್ನು ಪೂರ್ತಿ ಕೊಡಿ. ಪ್ರತಿ ವರ್ಷ ಯಾವ ತಿಂಗಳು ಊಟ ಬಿಡುತ್ತದೆ ಎಂದು ಬರೆದಿದ್ದರೆ ಹೊಸಬರ ಅರ್ಧ ಆತಂಕ ಕಳೆಯುತ್ತದೆ.

ಕೆರೆದಂಡೆ

ಒಂದು ಮಾತು ಸೇರಿಸುತ್ತೇನೆ, ಈ ಪುಟವನ್ನು ಮುಂದೆ ಓದುವವರಿಗೂ ಬೇಕು. ಕೊಡಲು ಯಾರೂ ಸಿಗಲಿಲ್ಲವೆಂದು ಕಾಡಂಚಿನಲ್ಲಿ ಬಿಡುವವರಿದ್ದಾರೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ನಮ್ಮ ಚಳಿಗೆ ಸೋಂಕು ಹತ್ತಿ ನರಳುತ್ತದೆ. ಅದಕ್ಕೂ ಮೊದಲು, ಕಂದು ಮೈಮೇಲಿನ ಮಚ್ಚೆ ನೋಡಿ ಕೊಳಕುಮಂಡಲ ಎಂದುಕೊಂಡು ಯಾರೋ ಹೊಡೆದು ಹಾಕುತ್ತಾರೆ. ಅದು ಬದುಕಿಕೊಂಡರೂ ಕೇಡು ತಪ್ಪದು. ಫ್ಲೋರಿಡಾದಲ್ಲಿ ಸಾಕುವವರ ಕೈಯಿಂದ ಹೊರಬಿದ್ದ ಬರ್ಮೀಸ್ ಹೆಬ್ಬಾವುಗಳು ಏಷ್ಯಾದ ಒಂದು ಶ್ವಾಸಕೋಶದ ಪರಾವಲಂಬಿಯನ್ನು ಅಲ್ಲಿನ ಹಾವುಗಳಿಗೆ ಅಂಟಿಸಿದವು, ಅದೀಗ ಹೆಬ್ಬಾವು ಇಲ್ಲದ ಕಡೆಗೂ ಹಬ್ಬಿದೆ.

ಉರಗ ರಕ್ಷಕರಿಗೆ ಕೊಟ್ಟರೆ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ಅವರಿಗೆ ದಿನವೂ ಸಿಗುವುದು ನಾಗರ, ಕೇರೆ, ಹೆಬ್ಬಾವು. ಏನೂ ಹೇಳದೆ ಕೊಟ್ಟರೆ ‘ಹೆಬ್ಬಾವಿನ ಮರಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಕಾಡಿಗೆ ಬಿಟ್ಟುಬಿಡಬಹುದು. ತಪ್ಪಿಸಿಕೊಂಡ ಸಾಕುಹಾವು ನಿಮ್ಮದಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ಇದು ವಿದೇಶಿ ಹಾವು, ವಿಷವಿಲ್ಲ, ನೋಂದಣಿ ಇದೆ ಎಂದು ಮೊದಲೇ ಹೇಳಿ.

ಹೊಂಗೆಮರ

ಎಲ್ಲರಿಗೂ ಧನ್ಯವಾದ. ಕೇಳಿಕೊಂಡು ಬಂದವರು ಇಬ್ಬರು. ಒಬ್ಬರು ಪಿಜಿಯಲ್ಲಿರುವ ವಿದ್ಯಾರ್ಥಿ, ತುಂಬ ಓದಿಕೊಂಡಿದ್ದಾರೆ, ಆಸಕ್ತಿ ಅಪಾರ. ಇನ್ನೊಬ್ಬರು ಮೈಸೂರಿನವರು, ಸ್ವಂತ ಮನೆ, ಎಂಟು ವರ್ಷದಿಂದ ಕಾರ್ನ್ ಸ್ನೇಕ್ ಸಾಕುತ್ತಿದ್ದಾರೆ, ಮನೆಯಲ್ಲಿ ಮೂರು ವರ್ಷದ ಮಗು ಇದೆ. ಯಾರಿಗೆ ಒಪ್ಪಿಸಲಿ?

ಪೊರೆ

ಮೈಸೂರಿನವರಿಗೆ, ಆದರೆ ಎರಡು ಷರತ್ತು. ತೊಟ್ಟಿ ಮಗುವಿನ ಕೈಗೆಟುಕದ ಕೋಣೆಯಲ್ಲಿ ಬೀಗದೊಂದಿಗೆ ಇರಲಿ, ಬಟ್ಟಲು ಹೈಡ್ ಯಾವುದನ್ನೂ ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬಾರದು. ಹಾವಿನ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರುತ್ತದೆ, ಐದು ವರ್ಷದೊಳಗಿನ ಮಕ್ಕಳಿಗೆ ಅದು ಜೋರಾಗಿ ಕಾಡುತ್ತದೆ. ಮಗು ಹಾವನ್ನು ಮುಟ್ಟುವುದೇ ಬೇಡ, ದೊಡ್ಡವರು ಮುಟ್ಟಿದರೆ ಸೋಪು ಹಾಕಿ ಕೈತೊಳೆಯಲಿ. ಇನ್ನೊಂದು, ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಅವರಿಗೆ ಈ ನೋಂದಣಿಯ ಅಭ್ಯಾಸ ಇರಲಿಕ್ಕಿಲ್ಲ. ಪಕ್ಕದಲ್ಲೇ ಕೂತು ಪರಿವೇಶ್ ಅರ್ಜಿ ತುಂಬಿಸಿ.

ವಿದ್ಯಾರ್ಥಿಯನ್ನು ನಿರಾಶೆ ಮಾಡಬೇಡಿ. ಪಿಜಿ ಮಾಲೀಕರ ಒಪ್ಪಿಗೆ, ಓದು ಮುಗಿದ ಮೇಲಿನ ಊರು, ಕರೆಂಟ್ ಹೋದಾಗಿನ ಯುಪಿಎಸ್, ಯಾವುದೂ ಇನ್ನೂ ಅವರ ಕೈಯಲ್ಲಿಲ್ಲ, ಅಷ್ಟೇ. ನೀವು ಹೊರಡುವವರೆಗೆ ಊಟ ಕೊಡುವ ದಿನ ಬಂದು ನೋಡಲಿ.

ಕಡತ_ಪುಟ

ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿ: ಮುಂದೆ ಇವರಿಗೂ ಸಾಕಲು ಆಗದಿದ್ದರೆ ಮೂರನೆಯವರಿಗೆ ಕೊಡುವ ಮೊದಲು ನಿಮಗೆ ತಿಳಿಸಬೇಕು. ಕೆಳಗೆ ಬೆಂಗಳೂರಿನಲ್ಲಿಯೇ ಇರುವ ನಿಮ್ಮ ಕಡೆಯ ಒಬ್ಬರ ಫೋನ್ ನಂಬರ್ ಇರಲಿ. ಕೊಟ್ಟ ದಿನದಿಂದ 30ನೇ ದಿನ ಯಾವುದೆಂದು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟು, 20ನೇ ದಿನವೇ ಅರ್ಜಿಯ ಸ್ವೀಕೃತಿ ಪ್ರತಿ ಕೇಳಿ ತರಿಸಿಕೊಳ್ಳಿ. ಟಿಕೆಟ್ ಮಾಡಿಸಿದ್ದರೆ, ಹಾವು ಕೊಡುವ ದಿನ ಅದಕ್ಕಿಂತ ಕನಿಷ್ಠ 45 ದಿನ ಮೊದಲು ಇರುವಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಅದು ಅಲ್ಲಿ ಒಂದು ಸಲವಾದರೂ ತಿಂದಿರುತ್ತದೆ. ತಿನ್ನದೆ ಕೂತಿದ್ದರೂ ನೀವೇ ಹೋಗಿ ನೋಡುವಷ್ಟು ಸಮಯ ಇರುತ್ತದೆ.