ಗಡಿ ದಾಟಿದ ಅಂತರ್ಜಲದ ಬಗ್ಗೆ ಜನರನ್ನು ಕೇಳಬೇಕು ಅನ್ನೋ ಕಾನೂನು ಇದೆಯಾ?

ಪ್ರಶ್ನೆ:
ಎರಡು ಮೂರು ದೇಶಗಳ ಅಡಿಯಲ್ಲಿ ಒಂದೇ ಅಂತರ್ಜಲ ಇದ್ದಾಗ ಸರ್ಕಾರಗಳೇ ಕೂತು ತೀರ್ಮಾನ ಮಾಡುತ್ತವೆ. ಅದೇ ನೀರು ನಂಬಿ ಬದುಕುವವರಿಗೆ ಮಾತಾಡುವ ಹಕ್ಕು ಎಲ್ಲಾದರೂ ಇದೆಯಾ?

ಉತ್ತರ 1:
ಅಂತರ್ಜಲಕ್ಕೆ ಅಂತಲೇ ವಿಶ್ವಸಂಸ್ಥೆ ಮಟ್ಟದಲ್ಲಿ ಮಾಡಿದ ಕರಡು ನಿಯಮಗಳಲ್ಲಿ ಇಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2008ರಲ್ಲಿ 19 ಕರಡು ವಿಧಿ ಸಿದ್ಧಪಡಿಸಿತು. ಮಾಹಿತಿ ಹಂಚಿಕೊಳ್ಳಿ, ಹೊಸ ಯೋಜನೆ ಇದ್ದರೆ ಮೊದಲೇ ತಿಳಿಸಿ ಅಂತೆಲ್ಲ ಇದೆ, ಆದರೆ ಅದೆಲ್ಲ ದೇಶ ದೇಶಗಳ ನಡುವೆ ಮಾತ್ರ. ಜನರ ಪಾಲ್ಗೊಳ್ಳುವಿಕೆಗೆ ಪ್ರತ್ಯೇಕ ವಿಧಿಯೇ ಇಲ್ಲ. ಇದು ದೊಡ್ಡ ಕೊರತೆ. ನೀರು ಕೆಳಗಿಳಿದಿದ್ದು, ಉಪ್ಪಾಗಿದ್ದು ಮೊದಲು ಗೊತ್ತಾಗೋದು ಬಾವಿ ಬಳಸುವವರಿಗೇ ಅಲ್ವಾ?

ಉತ್ತರ 2:
1998ರ ಆರ್ಹಸ್ ಒಪ್ಪಂದ ನೋಡಿ. ಅದರ ಸದಸ್ಯ ದೇಶಗಳಲ್ಲಿ ಪರಿಸರದ ಮಾಹಿತಿ ಕೇಳುವ, ತೀರ್ಮಾನದಲ್ಲಿ ಪಾಲ್ಗೊಳ್ಳುವ, ಕೋರ್ಟಿಗೆ ಹೋಗುವ ಹಕ್ಕು ಜನರಿಗಿದೆ. ಪೌರತ್ವ, ವಾಸದ ಜಾಗ ನೋಡಿ ತಾರತಮ್ಯ ಮಾಡುವ ಹಾಗಿಲ್ಲ, ಅಂದರೆ ಗಡಿಯಾಚೆಯವರೂ ಕೇಳಬಹುದು. ಸರ್ಕಾರ ತಪ್ಪಿದರೆ ಜನರೇ ಅದರ ಪಾಲನಾ ಸಮಿತಿಗೆ ದೂರು ಕೊಡಬಹುದು, ನನಗೆ ತುಂಬಾ ಮುಖ್ಯ ಅನಿಸುವುದು ಇದೇ.

ಉತ್ತರ 3:
ದೇಶದೊಳಗಿನ ಕಾನೂನನ್ನೂ ಮರೀಬೇಡಿ. ದಕ್ಷಿಣ ಅಮೆರಿಕದ ಗ್ವಾರಾನಿ ಅಂತರ್ಜಲ ಹಂಚಿಕೊಂಡಿರುವ ಉರುಗ್ವೆಯಲ್ಲಿ 2004ರಲ್ಲಿ ಜನಮತದಿಂದಲೇ ಸಂವಿಧಾನ ತಿದ್ದಿ, ನೀರಿನ ಯೋಜನೆ, ನಿರ್ವಹಣೆ, ನಿಯಂತ್ರಣದಲ್ಲಿ ಬಳಕೆದಾರರೂ ಇರಬೇಕು ಅಂತ ಬರೆದರು. ಅರ್ಜೆಂಟೀನಾ, ಬ್ರೆಜಿಲ್, ಪರಗ್ವೆ ಜೊತೆಗಿನ ಗ್ವಾರಾನಿ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಆಮೇಲೆ, 2010ರಲ್ಲಿ.