ಇಂಗಾಲ ಇಂಗುತ್ತದೆಯೋ, ತಂಗುತ್ತದೆಯೋ?

ಗೆಳೆಯರೇ, ಸೋಮವಾರಪೇಟೆ ಕಡೆಯ ಕಾಫಿ ತೋಟದಿಂದ ಬರೆಯುತ್ತಿದ್ದೇನೆ. ಎಣ್ಣೆತಾಳೆ ತೋಟದ ಮಣ್ಣು ಮತ್ತು ಬೇರು ಇಂಗಾಲವನ್ನು ಹೇಗೆ ಇಟ್ಟುಕೊಳ್ಳುತ್ತವೆ ಅಂತ ಇಲ್ಲಿನ ಬೆಳೆಗಾರರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

ಮೊದಲನೆಯದು 'ಸೀಕ್ವೆಸ್ಟ್ರೇಷನ್', ಅಂದರೆ ಗಾಳಿಯ ಇಂಗಾಲವನ್ನು ಹಿಡಿದು ಗಿಡದಲ್ಲೋ ಮಣ್ಣಿನಲ್ಲೋ ಬಹುಕಾಲ ಇಟ್ಟುಕೊಳ್ಳುವುದು. ಇದಕ್ಕೆ 'ಸ್ಥಿರೀಕರಣ' ಅಂತ ಬರೆಯುವುದುಂಟು. ಆದರೆ ಆ ಮಾತು ದ್ವಿದಳ ಬೆಳೆಯ ಬೇರುಗಂಟಿನ ಸಾರಜನಕಕ್ಕೆ ಆಗಲೇ ನಿಂತುಹೋಗಿದೆ. ನಾನು 'ಇಂಗಾಲ ಇಂಗಿಸುವುದು' ಅಂತ ಬರೆದೆ. ಇಂಗುಗುಂಡಿ ಎಲ್ಲರಿಗೂ ಗೊತ್ತು, ಕಿವಿಗೂ ಹಿತ. ಮರುದಿನ ಓದಿದಾಗ ತಪ್ಪು ಅನ್ನಿಸಿತು. ಮಳೆನೀರು ನೇರವಾಗಿ ಮಣ್ಣಿಗಿಳಿಯುತ್ತದೆ. ಇಂಗಾಲ ಹಾಗಲ್ಲ. ಎಲೆ ಅದನ್ನು ಗಾಳಿಯಿಂದ ಹಿಡಿದು ಸಕ್ಕರೆ ಮಾಡಬೇಕು, ಸಕ್ಕರೆ ಬೇರಿಗೆ ಬರಬೇಕು, ಬೇರು ಸತ್ತ ಮೇಲೆ ಸೂಕ್ಷ್ಮಜೀವಿಗಳು ತಿನ್ನಬೇಕು. ತಿಂದದ್ದರಲ್ಲಿ ಜಾಸ್ತಿ ಪಾಲು ಉಸಿರಾಗಿ ಗಾಳಿಗೆ ವಾಪಸ್. ಉಳಿದದ್ದರಲ್ಲಿ ಒಂದಿಷ್ಟು ಜೇಡಿಯ ಕಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಇರುತ್ತದೆ.

'ತಂಗುವುದು' ಇದಕ್ಕೆ ಹತ್ತಿರ, ಅಲ್ವಾ? ತಂಗಿದವರು ಮುಂದೆ ಹೊರಡುತ್ತಾರೆ ಅನ್ನುವುದೂ ಆ ಮಾತಿನಲ್ಲೇ ಇದೆ. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಎಣ್ಣೆತಾಳೆಯನ್ನು ಸುಮಾರು 25 ವರ್ಷಕ್ಕೆ ತೆಗೆದು ಹೊಸ ಗಿಡ ನೆಡುತ್ತಾರೆ. ಹಳೇ ಬೇರು ಕೊಳೆಯುತ್ತಾ ಅದರ ಇಂಗಾಲ ಹೊರಟುಬಿಡುತ್ತದೆ. ಜೌಗು ಕಾಡು ಕಡಿದು, ಪೀಟ್ ಮಣ್ಣಿನ (ನೀರಿನಲ್ಲಿ ಪೂರ್ತಿ ಕೊಳೆಯದೆ ಕೂಡಿದ ಗಿಡಮರಗಳ ಮಣ್ಣು) ನೀರು ಬಸಿದು ನೆಟ್ಟ ಕಡೆಯಂತೂ ಸಾವಿರಾರು ವರ್ಷ ಕೂಡಿದ್ದೇ ಕರಗುತ್ತಿದೆ. ಓದುವಾಗ ನಿಜಕ್ಕೂ ಸಂಕಟವಾಗುತ್ತದೆ.

ಹೀಗೆ ಕೂಡಿದ್ದಕ್ಕೆ, ಅಂದರೆ 'ಸ್ಟಾಕ್'ಗೆ, ಬೇರೆಯೇ ಪದ ಬೇಕು. 'ದಾಸ್ತಾನು' ಅಂದರೆ ಗೋದಾಮು ಕಣ್ಣಿಗೆ ಬರುತ್ತದೆ. ನನಗೆ ಹಿಡಿಸಿದ್ದು 'ಹಗೇವು'. ಬಯಲುಸೀಮೆಯಲ್ಲಿ ಜೋಳ, ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಅದರ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು ಅನ್ನುತ್ತಿದ್ದರು. ಕಾಳು ಉಸಿರಾಡಿ ತುಂಬಿಕೊಂಡ ಗಾಳಿ ಜೀವ ತೆಗೆಯುತ್ತಿತ್ತು. ಆ ಗಾಳಿ ಇಂಗಾಲದ ಡೈಆಕ್ಸೈಡ್! ಮಣ್ಣು ಅಗೆದು ಬಿಚ್ಚಿದರೆ ಹೆಚ್ಚಾಗಿ ಹೊರಡುವುದೂ ಅದೇ. ಇಷ್ಟು ಕೂಡಿಬರುವ ಪದ ಇನ್ನೊಂದು ನನಗೆ ಸಿಕ್ಕಿಲ್ಲ. (ಇಂಗಾಲ, ಡೈಆಕ್ಸೈಡ್ ಎರಡನ್ನೂ ಒಂದೇ ಅಂತ ಬರೆಯುವುದು ಮಾತ್ರ ಬೇಡ. 12 ಕಿಲೋ ಇಂಗಾಲ ಸುಟ್ಟರೆ 44 ಕಿಲೋ ಡೈಆಕ್ಸೈಡ್, ಲೆಕ್ಕವೇ ತಲೆಕೆಳಗಾಗುತ್ತದೆ.)

ತೊಡಕು ಏನೆಂದರೆ, ನಮ್ಮಲ್ಲಿ ಹಗೇವಿನ ರೂಢಿ ಇಲ್ಲ. ಈ ಮಳೆಗೆ ನೆಲದಲ್ಲಿ ಭತ್ತ ಹೂತರೆ ಮೊಳಕೆಯೇ ಗತಿ. ಇಲ್ಲಿಯದು ಮನೆಯೊಳಗಿನ ಮರದ ಪತ್ತಾಯ. 'ಇಂಗಾಲದ ಪತ್ತಾಯ' ಅಂದರೆ ಕೊಡಗಿನವರಿಗೆ ತಟ್ಟನೆ ಹೊಳೆಯುತ್ತದೆ, ಆದರೆ ನೆಲದೊಳಗಿನದು ಅನ್ನುವ ಭಾವ ಹೋಗುತ್ತದೆ. ನೀವಾದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ?

ಇನ್ನು ಬೇರು. ಕಾಫಿಗೆ ತಾಯಿಬೇರು ಇದೆ, ತಾಳೆ ಜಾತಿಗೆ ಇಲ್ಲ. ಕಳೆದ ಮಳೆಗಾಲ ನಮ್ಮ ಅಂಗಳದ ಅಡಿಕೆ ಮರ ಗಾಳಿಗೆ ಉರುಳಿತು. ಬುಡದಲ್ಲಿ ಕೆಂಗಂದು ಬೇರುಗಳ ದೊಡ್ಡ ಪೊದೆ, ಒಂದಕ್ಕಿಂತ ಒಂದು ದೊಡ್ಡದು ಅನ್ನುವಂತಿಲ್ಲ. ತೋಟದ ಕೆಲಸಕ್ಕೆ ಬರುವ ಅಜ್ಜಿ, "ಇದಕ್ಕೆ ತಾಯಿ ಇಲ್ಲ, ಎಲ್ಲಾ ಮಕ್ಕಳೇ" ಅಂದರು. ಎಣ್ಣೆತಾಳೆಯದೂ ಇದೇ ತರಹ. ಪಠ್ಯದಲ್ಲಿ ಇದು 'ತಂತುಬೇರು'. ಆದರೆ ಎಣ್ಣೆತಾಳೆಯ ಮುಖ್ಯ ಬೇರು ಪೆನ್ಸಿಲ್ ದಪ್ಪ ಇರುತ್ತದೆ. ಅದನ್ನು ತಂತು ಅನ್ನಲು ಮನಸ್ಸು ಒಪ್ಪುವುದಿಲ್ಲ. ಅದರಿಂದ ಸಣ್ಣವು, ಅವುಗಳಿಂದ ಇನ್ನೂ ಸಣ್ಣವು, ಹೀಗೆ ನಾಲ್ಕು ತಲೆಮಾರು. ಕೊನೆಯ ಕೂದಲೆಳೆಯಂಥವು ಬೇಗ ಸತ್ತು ಬೇಗ ಹುಟ್ಟುತ್ತವೆ. ಮಣ್ಣಿಗೆ ಮತ್ತೆ ಮತ್ತೆ ಇಂಗಾಲ ಕೊಡುವುದು ಅವೇ.

ಮೊದಲ ಮೂರಕ್ಕೆ ಹಿರಿಬೇರು, ಕವಲುಬೇರು, ಮರಿಬೇರು ಅಂತ ಇಟ್ಟುಕೊಂಡಿದ್ದೇನೆ. ನಾಲ್ಕನೆಯದಕ್ಕೆ ಪದವಿಲ್ಲ. ತಿಪಟೂರು, ಅರಸೀಕೆರೆ ಕಡೆಯವರು ಯಾರಾದರೂ ಇದ್ದರೆ ಹೇಳಿ: ತೆಂಗಿನ ಬುಡ ಬಿಡಿಸುವಾಗ ಗುದ್ದಲಿಗೆ ಸಿಕ್ಕಿ ಹರಿಯುವ ಆ ಸಣ್ಣ ಬೇರಿಗೆ ನಿಮ್ಮಲ್ಲಿ ಏನಂತಾರೆ?